ಕೆಮ್ಮಿನ ಮನೆಯ ಪದ

ನಮ್ಮೂರ ಪೇಟೆಯಲ್ಲಿ ಏನು ಬೇಕಾದರೂ ಸಿಗುತ್ತದೆ, ಬೀಗ ಮಾತ್ರ ಸಿಗುವುದಿಲ್ಲ. ಕೇಳಿದರೆ ಅಂಗಡಿಯವರು ನಿಮ್ಮನ್ನು ಪರಸ್ಥಳದವರೆಂದು ಗುರುತಿಸಿ, ಪಾಪ ಎಂದು ನೀರು ಕೊಟ್ಟು ಕೂರಿಸುತ್ತಾರೆ. ಇಲ್ಲಿಯ ಬಾಗಿಲುಗಳು ಹಾಡಿಗೆ ತೆರೆಯುತ್ತವೆ. ಮನೆಗೊಂದು ಪದ. ಮಾತಿಲ್ಲದ, ಬರೀ ಸ್ವರದ ಪದ. ತುಂಬಿದ ಕೊಡ ಇಳಿಸಿ ಸೆರಗು ಸರಿಮಾಡಿಕೊಳ್ಳುವಷ್ಟು ಹೊತ್ತಿನದು. ಹೊಸ್ತಿಲ ಮುಂದೆ ನಿಂತು ಹಾಡಿದರೆ ಬಾಗಿಲು ತಾನಾಗಿ ಸರಿಯುತ್ತದೆ, ಒಂದು ಸ್ವರ ತಪ್ಪಿದರೂ ಅಲುಗುವುದಿಲ್ಲ. ಹೀಗಾಗಿ ನಮ್ಮಲ್ಲಿ ನೆಗಡಿ ಎಂದರೆ ಪ್ಲೇಗಿಗಿಂತ ಹೆಚ್ಚು ಹೆದರಿಕೆ. ಮಾಗಿಯ ಚಳಿ ಶುರುವಾದರೆ ಗಂಟಲು ಕಟ್ಟಿದವರೆಲ್ಲ ಜಗಲಿಗಳ ಮೇಲೆ ಸಾಲಾಗಿ ಕೂತು ಒಳಗೆ ಕುದಿಯುವ ತಮ್ಮದೇ ಸಾರಿನ ವಾಸನೆ ಕುಡಿಯುತ್ತಾರೆ. ಕುಡಿದು ಬಂದ ಗಂಡನನ್ನು ಹೆಂಡತಿ ಬೈಯಬೇಕಾಗಿಲ್ಲ, ಬಾಗಿಲೇ ನೋಡಿಕೊಳ್ಳುತ್ತದೆ. ಒಂದು ಸಲ ಚುನಾವಣೆಯಲ್ಲಿ ಕೂಗಿ ಕೂಗಿ ಗೆದ್ದವನು ಗೆದ್ದ ದಿನ ತನ್ನ ಮನೆ ಹೊಗಲಾರದೆ ಸೋತವನ ಮನೆಯಲ್ಲಿ ಉಂಡು ಮಲಗಿದ್ದ.

ನೆರೆಯವರ ಪದ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತದೆ, ಆದರೂ ನಮಗೆ ಹಾಡಲು ಬರುವುದಿಲ್ಲ. ಹಾಡಲು ಹೋದರೆ ಗಂಟಲು ತನ್ನ ಮನೆಯ ದಾರಿಗೇ ಜಾರುತ್ತದೆ. ಪದ ಬರುವುದು ಒಂದೇ ಕಡೆಯಿಂದ, ಅಪ್ಪನ ತೊಡೆಯ ಮೇಲಿಂದ. ಅದಕ್ಕೇ ನಮ್ಮೂರಲ್ಲಿ ಕೂಸು ಮಲಗಿಸುವುದು ಗಂಡಸರ ಕೆಲಸ. ಎಂಥ ಮೀಸೆಯ ಪೈಲ್ವಾನನೂ ಸಂಜೆಯಾದರೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಮನೆಯ ಪದ ಗುನುಗುತ್ತ ಕೂರಬೇಕು. ಸೊಸೆಯಾಗಿ ಬಂದವಳಿಗೆ ಆ ಪದ ಸಾಯುವತನಕ ಒಲಿಯುವುದಿಲ್ಲ. ಹಾಡಬಲ್ಲ ಕೂಸೊಂದು ಕಂಕುಳಿಗೆ ಬರುವತನಕ ಅವಳು ಹಿತ್ತಲ ಕಿಂಡಿಯಲ್ಲಿ ನುಸುಳಬೇಕು. ಮಕ್ಕಳಾಗದ ನಾನು ಹನ್ನೊಂದು ವರ್ಷ ನುಸುಳಿದೆ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಹೊಸ್ತಿಲಲ್ಲಿ ನಿಂತು ಅಪ್ಪನ ಪದ ಹಾಡಿದೆ. ಬಾಗಿಲು ಸರಿಯಿತು. ಕೈಯಲ್ಲಿದ್ದ ಟ್ರಂಕು ಅಲ್ಲೇ ಕೆಡವಿ, ಬಾಗಿಲ ಚೌಕಟ್ಟು ಹಿಡಿದು ಗೊಳೋ ಎಂದು ಅತ್ತೆ.

ನಾನು ತಂಗೆವ್ವ. ನಮ್ಮ ಮನೆಗೆ ಊರು ಇಟ್ಟ ಹೆಸರು ಕೆಮ್ಮಿನ ಮನೆ. ಯಾಕೆಂದರೆ ನಮ್ಮ ಪದದಲ್ಲಿ ಕೆಮ್ಮು ಇದೆ. ಸ್ವರ ಮೇಲೇರಿ ಇನ್ನೇನು ಇಳಿಯಬೇಕು ಅನ್ನುವಷ್ಟರಲ್ಲಿ ಒಂದು ದೊಡ್ಡ ಕೆಮ್ಮು, ಹಿಂದೆಯೇ ಒಂದು ಸಣ್ಣದು. ಅದನ್ನು ಕೆಮ್ಮದಿದ್ದರೆ ಬಾಗಿಲು ತೆರೆಯುವುದಿಲ್ಲ. ನಮ್ಮಪ್ಪ ಫಕೀರಪ್ಪ ಹಾಗೇ ಕೆಮ್ಮುತ್ತಿದ್ದ, ಅವನಪ್ಪನೂ ಹಾಗೇ. ಎಲ್ಲಿಂದ ಬಂತು ಎಂದು ಕೇಳಿದರೆ ಯಾರೋ ಮುತ್ತಜ್ಜ ಚಿಲುಮೆ ಸೇದುತ್ತಿದ್ದನಂತೆ ಎನ್ನುತ್ತಿದ್ದರು. ಇದರ ಮೇಲೆ ನಮ್ಮ ಕಸುಬು ಗಂಟಲ ಗುಳಿಗೆ ಮಾಡುವುದು. ಜ್ಯೇಷ್ಠಮಧು, ಮೆಣಸು, ಶುಂಠಿ, ಕಲ್ಲುಸಕ್ಕರೆ ಕುಟ್ಟಿ ಉಂಡೆ ಕಟ್ಟುತ್ತೇವೆ. ಕೆಮ್ಮಿನ ಮನೆಯವರು ಕೆಮ್ಮಿಗೆ ಮದ್ದು ಮಾರುತ್ತಾರೆ ಎಂದು ನಗದೆ ನಮ್ಮ ಗುಳಿಗೆ ಕೊಂಡವರಿಲ್ಲ. ನಗಲಿ, ಕೊಂಡರಲ್ಲ. ಅಪ್ಪ ಹೋಗಿ ಆರು ವರ್ಷವಾಯಿತು. ದಿನವೂ ಬಾಗಿಲ ಮುಂದೆ ನಿಂತು ಕೆಮ್ಮುವಾಗ ನನ್ನ ಗಂಟಲಿನಿಂದ ಅವನೇ ಕೆಮ್ಮಿದಂತಾಗುತ್ತದೆ. ಒಮ್ಮೊಮ್ಮೆ ಅದಕ್ಕೆಂದೇ ಕೆಲಸವಿಲ್ಲದಿದ್ದರೂ ಹೊರಗೆ ಹೋಗಿ ಬರುತ್ತೇನೆ.

ನಮ್ಮ ಮನೆಯೂ ಅಂಗಡಿಯೂ ಇರುವುದು ಮಠದ ಗೋಡೆಗೆ ಆತುಕೊಂಡು. ಆ ಮಠ ಏಳುನೂರು ವರ್ಷದ್ದು. ದೊಡ್ಡಯ್ಯ ಎಂಬ ನೈಷ್ಠಿಕ ಬ್ರಹ್ಮಚಾರಿ ಅದನ್ನು ಕಟ್ಟಿ, ನಲವತ್ತು ಶಿಷ್ಯರಿಗೆ ಬೆಳಗಿನ ಪದ ಕಲಿಸಿದನಂತೆ. ದೊಡ್ಡಯ್ಯ ದೇಹ ಬಿಟ್ಟ ದಿನ ಮಠದ ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಶಿಷ್ಯರು ಎಷ್ಟು ಹಾಡಿದರೂ ತೆರೆಯಲಿಲ್ಲ. ಕಾದು ಕಾದು ಬೇಸತ್ತು ಅವರೆಲ್ಲ ಇಳಿದು ಬಂದು ಮದುವೆ ಮಾಡಿಕೊಂಡು ಮನೆ ಕಟ್ಟಿದರು. ನಲವತ್ತು ಶಿಷ್ಯರ ನಲವತ್ತು ಮನೆ; ನಲವತ್ತೊಂದನೆಯದು ನಮ್ಮದು. ನಾವು ಶಿಷ್ಯರ ಪೈಕಿ ಅಲ್ಲ, ಮಠದಲ್ಲಿ ಅಡುಗೆ ಮಾಡುತ್ತಿದ್ದ ಹೊನ್ನವ್ವನ ವಂಶ. ಹೊನ್ನವ್ವನ ಗಂಡ ಯಾತ್ರೆಗೆ ಹೋದವನು ತಿರುಗಿ ಬರಲಿಲ್ಲ ಎಂಬುದು ಮನೆಯಲ್ಲಿ ಹೇಳುತ್ತ ಬಂದ ಮಾತು. ಮೊದಲಿಗೆ ಎಲ್ಲರ ಪದವೂ ಒಂದೇ ಇತ್ತು. ಒಬ್ಬ ಅಪ್ಪ ಒಂದು ಸ್ವರದಲ್ಲಿ ಜಾರಿದರೆ ಮಗನೂ ಅಲ್ಲೇ ಜಾರಿದ, ದಿನವೂ ಕೇಳುವ ಬಾಗಿಲೂ ಅದಕ್ಕೇ ಒಗ್ಗಿಕೊಂಡಿತು. ಹೀಗೆ ನಲವತ್ತೊಂದು ಮನೆಗೆ ನಲವತ್ತೊಂದು ಪದವಾಯಿತು. ಮಠದ ಬಾಗಿಲು ಮಾತ್ರ ತಾನು ಕೊನೆಯದಾಗಿ ಕೇಳಿದ ಪದವನ್ನೇ ಕಾಯುತ್ತ ಕೂತಿದೆ.

ಊರಿನ ಮೊದಲ ಪಂಕ್ತಿಯ ಮೊದಲ ಎಲೆ ಗುರುಪಾದಪ್ಪನವರದು. ಎಪ್ಪತ್ತೊಂದು ವಯಸ್ಸು, ಇಸ್ತ್ರಿ ಮಾಡಿದ ರುಮಾಲು, ಇಸ್ತ್ರಿ ಮಾಡಿದ ಮಾತು. ಅವರ ಮನೆಯ ಪದ ಬೆಣ್ಣೆಯಲ್ಲಿ ಕೂದಲು ಎಳೆದಷ್ಟು ನುಣುಪು. ದೊಡ್ಡಯ್ಯ ಹಾಡಿದ್ದೇ ಹೀಗೆ, ಒಂದು ಸ್ವರ ಆಚೀಚೆ ಆಗಿಲ್ಲ ಎಂದು ಅವರ ಮನೆಯವರು ತಲೆತಲಾಂತರದಿಂದ ಹೇಳಿ ಹೇಳಿ ಊರೂ ನಂಬಿತ್ತು. ಹಾಗಿದ್ದರೆ ಮಠದ ಬಾಗಿಲು ನಿಮಗೆ ಯಾಕೆ ತೆರೆಯಲಿಲ್ಲ ಎಂದು ಕೇಳುವ ಎದೆ ಯಾರಿಗೂ ಇರಲಿಲ್ಲ. ನಮ್ಮಪ್ಪ ಒಮ್ಮೆ ಕೇಳಿದ್ದ. ಅಂದಿನಿಂದ ಗುರುಪಾದಪ್ಪನವರಿಗೆ ಮಠದ ಗೋಡೆಯ ಪಕ್ಕ ನಮ್ಮ ಅಂಗಡಿ ಇರುವುದು ಕಣ್ಣಿಗೆ ಬಿದ್ದ ಕಸವಾಯಿತು.

"ತಂಗೆವ್ವ, ಇಂಥಾ ಪವಿತ್ರ ಗ್ವಾಡಿಗೆ ನಿಮ್ಮ ಮೆಣಸಿನ ಘಾಟು, ಅದರ ಮ್ಯಾಲೆ ದಿನಾ ಕೆಮ್ಮು. ದೊಡ್ಡಯ್ಯನವರ ಆತ್ಮಕ್ಕ ಹ್ಯಾಂಗ ಅನಿಸಬ್ಯಾಡ?" ಎನ್ನುತ್ತಿದ್ದರು.

"ಆತ್ಮಕ್ಕ ಘಾಟು ಹತ್ತತೈತೇನ್ರಿ ಕಾಕಾ? ಹತ್ತಿದ್ರ ಒಂದು ಗುಳಿಗಿ ಇಡ್ತೀನಿ ತಗೋರಿ" ಎನ್ನುತ್ತಿದ್ದೆ ನಾನು.

ಶರ್ವಾಣಿಯನ್ನು ಊರಿಗೆ ಕರೆಸಿದವರು ಇದೇ ಗುರುಪಾದಪ್ಪನವರು. ತಮ್ಮ ಕಾಲಿನ ಮೇಲೆ ತಾವೇ ಕಲ್ಲು ಹಾಕಿಕೊಳ್ಳಲು ಅಷ್ಟು ದೂರದಿಂದ ಕಲ್ಲು ತರಿಸಿದವರು ಇನ್ನೊಬ್ಬರಿಲ್ಲ. ಆ ಹುಡುಗಿ ಪಟ್ಟಣದ ಪ್ರಯೋಗಶಾಲೆಯಲ್ಲಿ ನೆಗಡಿ ಜ್ವರದ ವೈರಸ್ಸುಗಳ ವಂಶಾವಳಿ ಬರೆಯುತ್ತಿದ್ದವಳು. ಯಾವ ನೆಗಡಿ ಯಾವ ನೆಗಡಿಗೆ ಅಣ್ಣ, ಯಾವುದಕ್ಕೆ ಮೊಮ್ಮಗಳು ಎಂದು ಕಂಪ್ಯೂಟರಿನಲ್ಲಿ ಕಂಡುಹಿಡಿಯುತ್ತಾಳಂತೆ. ಅದೇ ವಿದ್ಯೆಯನ್ನು ಈಗ ಹಳೆಯ ಕಾಲದ ಮಠಗಳ ಹಾಡುಗಳಿಗೆ ಹಚ್ಚಿ, ಮೂಲದ ಪದ ಹೇಗಿತ್ತು ಎಂದು ಹುಡುಕುತ್ತಾಳೆ ಎಂದು ಗುರುಪಾದಪ್ಪನವರು ಎಲ್ಲೋ ಓದಿದ್ದರು. ಮೂಲದ ಪದ ಎಂದರೆ ತಮ್ಮದೇ ಎಂಬ ಬಗ್ಗೆ ಅವರಿಗೆ ಅನುಮಾನವಿರಲಿಲ್ಲ. ಪಂಚರನ್ನು ಕೂಡಿಸಿ ಠರಾವು ಮಾಡಿಸಿದರು: ಯಂತ್ರ ಯಾರ ಪದ ಮೂಲಕ್ಕೆ ಹತ್ತಿರ ಎನ್ನುತ್ತದೋ ಅವರಿಗೆ ಮಠದ ಉಸ್ತುವಾರಿ, ಯಾರದು ಎಲ್ಲಕ್ಕಿಂತ ದೂರ ಎನ್ನುತ್ತದೋ ಅವರು ಮಠದ ಗೋಡೆಗೆ ಆತುಕೊಂಡಿದ್ದರೆ ಜಾಗ ಖಾಲಿ ಮಾಡಬೇಕು. ಮಠದ ಗೋಡೆಗೆ ಆತುಕೊಂಡಿದ್ದವಳು ಊರಿಗೆಲ್ಲ ನಾನೊಬ್ಬಳೇ. ಠರಾವಿನಲ್ಲಿ ನನ್ನ ಹೆಸರು ಬರೆಯದಿದ್ದದ್ದು ಅವರ ದೊಡ್ಡತನ.

ಮನೆ ಬಿಟ್ಟರೆ ಹೊಸ ಮನೆಯ ಬಾಗಿಲು ನನ್ನ ಪದಕ್ಕೆ ಒಗ್ಗಲು ಮೂರು ತಲೆಮಾರು ಬೇಕು. ನನ್ನ ಹಿಂದೆ ಒಂದು ತಲೆಯೂ ಇಲ್ಲ. ಅಪ್ಪನ ಕೆಮ್ಮು ಕೇಳುವ ಬಾಗಿಲು ಲೋಕದಲ್ಲಿ ಅದೊಂದೇ. ನಾನು ಹೆದರಿದ್ದು ನಿಜ, ಆದರೆ ತೋರಿಸಲಿಲ್ಲ. "ಆಗ್ಲಿ ಬಿಡ್ರಿ, ಯಂತ್ರಕ್ಕ ನಿಮ್ಮಂಗ ಹಳೇ ಸಿಟ್ಟು ಇರಂಗಿಲ್ಲ" ಎಂದು ಹೆಬ್ಬೆಟ್ಟಿನ ಜಾಗದಲ್ಲಿ ದುಂಡಗೆ ಸಹಿ ಮಾಡಿ ಬಂದೆ.

ನೆಗಡಿಯ ವಂಶ ಬರೆಯುವವಳು ಎಂದು ಗೊತ್ತಾಗುತ್ತಲೇ ಊರಿನಲ್ಲಿ ಯಾರೂ ಅವಳನ್ನು ಇಳಿಸಿಕೊಳ್ಳಲಿಲ್ಲ. ಕರೆಸಿದ ಗುರುಪಾದಪ್ಪನವರೇ ಮೂಗಿಗೆ ರುಮಾಲು ಹಿಡಿದು ಮಾತಾಡಿಸಿದರು. ಕೊನೆಗೆ ಗುಳಿಗೆಯ ಅಂಗಡಿಯೇ ಸುರಕ್ಷಿತ ಎಂದು ನನ್ನ ಮನೆಗೆ ಕಳಿಸಿದರು. ತೆಳ್ಳಗೆ, ಎತ್ತರಕ್ಕೆ, ಸದಾ ಏನೋ ಎಣಿಸುತ್ತಿರುವಂತೆ ತುಟಿ ಅಲುಗಿಸುವ ಹುಡುಗಿ. ಮೊದಲ ದಿನವೇ ನನ್ನ ಪದವನ್ನು ಫೋನಿನಲ್ಲಿ ಹಿಡಿದುಕೊಂಡಳು. ಹೊರಗಿನಿಂದ ಬಂದಾಗ ಫೋನು ಬಾಗಿಲಿಗೆ ಹಿಡಿದು ಗುಂಡಿ ಒತ್ತಿದರೆ ನನ್ನದೇ ದನಿ ಹಾಡಿ ಕೆಮ್ಮಿ ಬಾಗಿಲು ತೆರೆಸುತ್ತಿತ್ತು. ಯಂತ್ರಕ್ಕೆ ತನ್ನದೆಂಬ ಗಂಟಲಿಲ್ಲವಲ್ಲ, ಜಾರುವುದಿಲ್ಲ.

ಅವಳು ಮನೆಮನೆಗೆ ಹೋಗಿ ಎಲ್ಲರ ಪದವನ್ನೂ ಹಿಡಿದು ತಂದಳು. ಸಂಜೆ ಅಂಗಡಿಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಕೂತರೆ ನಾನು ಕುಟ್ಟಾಣಿ ಕುಟ್ಟುತ್ತ ನೋಡುತ್ತಿದ್ದೆ. ಒಂದೊಂದು ಮನೆಯ ಪದವೂ ಒಂದೊಂದು ಸಾಲು. ಸಾ, ರೀ, ಗಾ ಎಂದು ಅಕ್ಷರಗಳು, ಒಂದರ ಕೆಳಗೊಂದು ನಲವತ್ತೊಂದು ಸಾಲು. ಒಬ್ಬರಲ್ಲಿ ಇದ್ದು ಇನ್ನೊಬ್ಬರಲ್ಲಿ ಇಲ್ಲದ ಸ್ವರದ ಜಾಗದಲ್ಲಿ ಒಂದು ಗೆರೆ.

"ವೈರಸ್ಸಿಗೂ ಹೀಗೇ ಮಾಡ್ತೀವಿ ಅಮ್ಮಾ. ಎಲ್ಲರೂ ಸರಿಯಾಗಿ ಹಾಡೋ ಜಾಗದಿಂದ ಏನೂ ತಿಳಿಯಲ್ಲ. ಇಬ್ಬರು ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡಿದ್ರೆ ಮಾತ್ರ ಅವರಿಬ್ಬರೂ ಸಂಬಂಧಿಗಳು" ಎಂದಳು ಶರ್ವಾಣಿ.

"ಅಂದ್ರ ತಪ್ಪ ಇದ್ರನ ಬಳಗ ಅನ್ನು."

"ಹೌದು. ತಪ್ಪೇ ಸಾಕ್ಷಿ."

ಈ ಸಾಕ್ಷಿ ಊರಿನಲ್ಲಿ ಸಣ್ಣಪುಟ್ಟ ಬೆಂಕಿ ಹಚ್ಚಿಯೇಬಿಟ್ಟಿತು. ಮೂರು ತಲೆಮಾರಿನಿಂದ ಒಬ್ಬರ ಮನೆಯ ನೀರು ಇನ್ನೊಬ್ಬರು ಮುಟ್ಟದ ಗಾಣದ ಮನೆಯವರೂ ಕುಲುಮೆಯ ಮನೆಯವರೂ ಏಳನೆಯ ಸ್ವರದಲ್ಲಿ ಒಂದೇ ರೀತಿ ಎಡವುತ್ತಾರೆಂದು ತಿಳಿಯಿತು. ಎರಡೂ ಮನೆಯ ಮುದುಕರು ಎರಡು ದಿನ ಯಾರ ಅಜ್ಜ ಯಾರ ಮನೆಗೆ ಹೋಗುತ್ತಿದ್ದ ಎಂದು ಜಗಳವಾಡಿ, ಮೂರನೆಯ ದಿನ ಅಣ್ಣತಮ್ಮಂದಿರ ಜಗಳ ಎಂದಮೇಲೆ ಸರಿಯೇ ಎಂದು ಕೂಡಿ ಚಹಾ ಕುಡಿದರು.

ಒಂದು ಮಧ್ಯಾಹ್ನ ಶರ್ವಾಣಿ ದೊಡ್ಡ ಅನಾಹುತ ಮಾಡಿದಳು. ಪದಗಳಲ್ಲಿ ನಾಯಿ ಬೊಗಳಿದ್ದು, ಪಾತ್ರೆ ಬಿದ್ದದ್ದು, ಕೂಸು ಅತ್ತದ್ದು ಎಲ್ಲ ಸೇರಿಕೊಂಡಿತ್ತು. ಅದನ್ನೆಲ್ಲ ಯಂತ್ರದಿಂದಲೇ ಒರೆಸಿ ಸ್ವಚ್ಛ ಮಾಡಿ, ಸರಿಯಾಗಿದೆಯೋ ಇಲ್ಲವೋ ಕೇಳೋಣ ಎಂದು ಸ್ಪೀಕರು ಜೋಡಿಸಿ ಓಣಿಯ ಬಾಯಿಯಲ್ಲಿ ಕೂತು ಒಂದಾದ ಮೇಲೊಂದು ಹಚ್ಚಿದಳು. ಅವಳಿಗೆ ಹೊಳೆಯಲಿಲ್ಲ, ಗುಳಿಗೆಗೆ ಪಾಕ ನೋಡುತ್ತಿದ್ದ ನನಗೂ ಹೊಳೆಯಲಿಲ್ಲ. ಓಣಿಯ ಆ ತುದಿಯಿಂದ ಈ ತುದಿಗೆ ಬಾಗಿಲುಗಳು ಒಂದೊಂದಾಗಿ ಸರಿಯತೊಡಗಿದವು. ತಲೆಗೆ ಬಣ್ಣ ಹಚ್ಚಿಕೊಂಡು ಕೂತ ಹೆಡ್ ಮಾಸ್ತರರು ಕಂಡರು. ಸೊಸೆಯ ಕಾಲು ಒತ್ತುತ್ತಿದ್ದ ಅತ್ತೆ ಕಂಡಳು. ಆ ಸೊಸೆಗೆ ಅವತ್ತಿನಿಂದ ಊರಿನ ಹೆಣ್ಣುಮಕ್ಕಳ ನಡುವೆ ಬಂದ ಗೌರವ ಇನ್ನೂ ಇಳಿದಿಲ್ಲ. ಗುರುಪಾದಪ್ಪನವರು ಮಠದ ಬಾಗಿಲು ತೆರೆಯುವತನಕ ನೀರು ಬಿಟ್ಟು ಬೇರೇನೂ ಮುಟ್ಟುವುದಿಲ್ಲ ಎಂದು ಉಪವಾಸ ಹಿಡಿದು ಅಂದಿಗೆ ನಾಲ್ಕನೆಯ ದಿನ. ಬಾಗಿಲು ಸರಿದಾಗ ಅವರು ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ತಾಟಿನ ತುಂಬ ಮಿರ್ಚಿ ಭಜಿ ಇಟ್ಟುಕೊಂಡು, ಒಂದನ್ನು ತುದಿ ಹಿಡಿದು ಬಾಯಿಯ ಮೇಲೆ ತೂಗಿಸಿದ್ದರು.

ನಲವತ್ತು ಬಾಗಿಲು ತೆರೆದವು. ನಲವತ್ತೊಂದನೆಯದಾದ ನನ್ನದು ಮಾತ್ರ ತೆರೆಯಲಿಲ್ಲ. ನಮ್ಮ ಬಾಗಿಲಿಗಾದರೂ ಮಾನಮರ್ಯಾದೆ ಇದೆ ಎಂದು ನಾನು ಎದೆಯುಬ್ಬಿಸಿ ಓಡಾಡಿದೆನೇ ಹೊರತು ಯಾಕೆ ತೆರೆಯಲಿಲ್ಲ ಎಂದು ಯೋಚಿಸಲಿಲ್ಲ.

ಮಿರ್ಚಿ ಭಜಿಯ ಸುದ್ದಿ ತಣ್ಣಗಾಗಬೇಕಾದರೆ ಬೇರೆ ಸುದ್ದಿ ಬೇಕಲ್ಲ. ಗುರುಪಾದಪ್ಪನವರು ಅವಸರ ಮಾಡಿ ಎರಡೇ ದಿನದಲ್ಲಿ ಮಠದ ಮುಂದೆ ಪಂಚರನ್ನು ಸೇರಿಸಿದರು. ಶರ್ವಾಣಿ ದೊಡ್ಡ ಹಾಳೆಯಲ್ಲಿ ಮರದ ಚಿತ್ರ ಬಿಡಿಸಿ ತಂದಿದ್ದಳು, ಕೊಂಬೆಯ ತುದಿಗೊಂದು ಮನೆ. ಎಲ್ಲ ಕೊಂಬೆಗಳೂ ಗುಂಪುಗುಂಪಾಗಿ ಕೂಡಿದ್ದವು. ಒಂದು ಉದ್ದನೆಯ ಒಣ ಕೊಂಬೆ ಮಾತ್ರ ಬೇರೆ ದಿಕ್ಕಿಗೆ ಚಾಚಿತ್ತು. ಅದರ ತುದಿಯಲ್ಲಿ ನಾನಿದ್ದೆ.

ಅವಳು ನನ್ನ ಮುಖ ನೋಡದೆ ಹೇಳಿದಳು. "ನಲವತ್ತು ಮನೆಗಳಲ್ಲೂ ಮೇಲಿನ ಸ್ವರ ಆದ್ಮೇಲೆ ಏನೋ ಒಂದು ಇದೆ. ಕೆಲವರು ಉಸಿರು ಹಿಡೀತಾರೆ, ಕೆಲವರು ಸ್ವರ ಎಳೀತಾರೆ. ತಂಗೆವ್ವಮ್ಮನ ಪದದಲ್ಲಿ ಮಾತ್ರ ಆ ಜಾಗ ಖಾಲಿ. ಲೆಕ್ಕದ ಪ್ರಕಾರ ಇವರದೇ ಎಲ್ಲಕ್ಕಿಂತ ದೂರ."

"ಕೇಳಿದ್ರಿಲ್ಲೋ? ಅಮಾಸಿ ಒಳಗ ಗ್ವಾಡಿ ಖಾಲಿ ಆಗ್ಬೇಕು" ಎಂದರು ಗುರುಪಾದಪ್ಪನವರು. ಅಮಾವಾಸ್ಯೆಗೆ ಆರು ದಿನವಿತ್ತು. ನಾನು ಮಠದ ಮೆಟ್ಟಿಲ ಮೇಲೆ ಕೂತೆ.

ಆಮೇಲೆ ಮಠದ ಬಾಗಿಲು ತೆರೆಯುವ ಕಾರ್ಯಕ್ರಮ. ನಲವತ್ತೊಂದು ಪದಗಳಿಂದ ಹಿಂದಕ್ಕೆ ಎಣಿಸಿ ಎಣಿಸಿ ಯಂತ್ರ ಕಟ್ಟಿದ ಮೂಲದ ಪದವನ್ನು ಶರ್ವಾಣಿ ಹಚ್ಚಿದಳು. ಚೆನ್ನಾಗಿತ್ತು, ಸುಳ್ಳು ಹೇಳಬಾರದು. ನಾವೆಲ್ಲ ನಮ್ಮ ನಮ್ಮ ಮನೆಯ ಅಜ್ಜಂದಿರನ್ನು ಅದರಲ್ಲಿ ಕೇಳಿದೆವು. ಬಾಗಿಲು ಅಲುಗಲಿಲ್ಲ. ಮತ್ತೆ ಹಚ್ಚಿದಳು, ಅಲುಗಲಿಲ್ಲ. ಗುರುಪಾದಪ್ಪನವರು ರುಮಾಲು ಬಿಗಿದು ಮುಂದೆ ಬಂದು, "ಯಂತ್ರದ್ದು ಏನ್ ಹಚ್ಚೀರಿ, ಸರೀರಿ" ಎಂದು ಕಣ್ಣು ಮುಚ್ಚಿ ತಮ್ಮ ಬೆಣ್ಣೆಯ ಪದ ಹಾಡಿದರು. ಎದುರು ಓಣಿಯಲ್ಲಿ ಅವರ ಮನೆಯ ಬಾಗಿಲು ಸರಿದ ಸದ್ದು ಕೇಳಿತು. ಮಠದ್ದು ಸುಮ್ಮನಿತ್ತು. ಜನ ನಗು ತಡೆಯಲು ತಲೆ ತಗ್ಗಿಸಿದರು.

ಶರ್ವಾಣಿ ಸಪ್ಪೆ ಮುಖ ಹಾಕಿಕೊಂಡು ನನಗಿಂತ ಮೊದಲೇ ಮನೆಗೆ ಹೋದಳು. ನಾನು ಬರುವಷ್ಟರಲ್ಲಿ ಅವಳು ಬಾಗಿಲ ಮುಂದೆ ಬಿಸಿಲಲ್ಲಿ ನಿಂತು ಲ್ಯಾಪ್‌ಟಾಪನ್ನು ಬಾಗಿಲಿಗೆ ಹಿಡಿದು ಬೆವರುತ್ತಿದ್ದಳು. ಫೋನಿನ ಚಾರ್ಜು ಮುಗಿದಿತ್ತು. ಲ್ಯಾಪ್‌ಟಾಪಿನಲ್ಲಿದ್ದ ನನ್ನ ಪದ ಎಷ್ಟು ಸಲ ಹಚ್ಚಿದರೂ ಬಾಗಿಲು ಜಪ್ಪಯ್ಯ ಎನ್ನುತ್ತಿರಲಿಲ್ಲ.

"ನಿಮ್ಮ ಬಾಗಿಲಿಗೂ ನನ್ನ ಮೇಲೆ ಸಿಟ್ಟು" ಎಂದಳು, ಅಳುವ ದನಿಯಲ್ಲಿ.

"ಇನ್ನೊಮ್ಮೆ ಹಚ್ಚು ತಂಗಿ, ಕೇಳೂಣು" ಎಂದೆ.

ಹಚ್ಚಿದಳು. ನನ್ನದೇ ದನಿ. ಮೇಲೇರಿತು, ಸಲೀಸಾಗಿ ಇಳಿಯಿತು. ಆ ಪದದಲ್ಲಿ ಅಪ್ಪ ಇರಲಿಲ್ಲ.

"ಕೆಮ್ಮು ಎಲ್ಲಿ ಹೋತ?"

"ಯಾವ ಕೆಮ್ಮು?... ಅದಾ? ನಿಮಗೆ ಗಂಟಲು ಸರಿ ಇಲ್ಲ ಅಂದ್ಕೊಂಡೆ ಅಮ್ಮಾ. ನಾಯಿ ಬೊಗಳಿದ್ದರ ಜೊತೆ ಅದನ್ನೂ ಒರೆಸಿಬಿಟ್ಟೆ."

"ದಿನಾ ಫೋನಿನ್ಯಾಗ ಕೆಮ್ಮತಿದ್ದಿಲ್ಲೇನ ನಾ? ಊರಾಗ ಎಲ್ಲಾರೂ ಕೆಮ್ಮಿನ ಮನಿ ಅಂತಾರ, ಒಮ್ಮೆರ ಯಾಕ ಅಂತ ಕೇಳಿಯೇನ?"

"ಮದ್ದು ಮಾರ್ತೀರಲ್ಲ, ಅದಕ್ಕೇ ಅಂದ್ಕೊಂಡಿದ್ದೆ."

ಸಿಟ್ಟು ಬಂತು, ನಗುವೂ ಬಂತು. ಸಿಟ್ಟಿನ ಪಾಲಿಗೆ ಅವಳ ಕಿವಿ ಹಿಂಡಿ, ನಗುವಿನ ಪಾಲಿಗೆ ಒಂದು ಗುಳಿಗೆ ಬಾಯಿಗೆ ಹಾಕಿ, ನಾನು ಹಾಡಿ ಕೆಮ್ಮಿ ಬಾಗಿಲು ತೆರೆದೆ. ಅವಳು ಊಟಕ್ಕೂ ಏಳದೆ ಲೆಕ್ಕ ಹಾಕಲು ಕೂತಳು. ನಾನು ರೊಟ್ಟಿ ಬಡಿದು ಮುಗಿಸುವಷ್ಟರಲ್ಲಿ ಅವಳ ತುಟಿ ಅಲುಗುವುದು ನಿಂತಿತ್ತು.

"ಅಮ್ಮಾ, ಇಲ್ಲಿ ನೋಡಿ. ನಿಮ್ಮ ದೊಡ್ಡ ಕೆಮ್ಮೂ ಸಣ್ಣ ಕೆಮ್ಮೂ ಸೇರಿ ಎಷ್ಟು ಹೊತ್ತೋ, ಗುರುಪಾದಪ್ಪನವರು ಆ ಸ್ವರ ಎಳೆಯೋದೂ ಅಷ್ಟೇ ಹೊತ್ತು. ಗಾಣದ ಮನೆಯವರು ಉಸಿರು ಹಿಡಿಯೋದೂ ಅಷ್ಟೇ. ಎಲ್ಲರೂ ಅಲ್ಲಿ ಏನಕ್ಕೋ ಕಾಯ್ತಾ ಇದ್ದಾರೆ."

"ಏನಕ್ಕ?"

"ಗುರುಗಳು ಕೆಮ್ಮಿ ಮುಗಿಸೋದಕ್ಕೆ. ದೊಡ್ಡಯ್ಯನವರಿಗೆ ಅಲ್ಲಿ ಕೆಮ್ಮು ಬರ್ತಿತ್ತು. ಶಿಷ್ಯರು ಮರ್ಯಾದೆಯಿಂದ ಕಾದು ಮುಂದುವರಿಸ್ತಿದ್ರು. ಕಾಯೋದನ್ನೇ ಮಕ್ಕಳಿಗೂ ಕಲಿಸಿದ್ರು. ಮೂಲದ ಪದದಲ್ಲಿ ಕೆಮ್ಮಿದೆ. ಇಡೀ ಊರಲ್ಲಿ ಅದು ಉಳಿದಿರೋದು ನಿಮ್ಮ ಮನೇಲಿ ಮಾತ್ರ."

ನಾನು ಹಂಚಿನ ಮೇಲೆ ರೊಟ್ಟಿ ಸೀಯುತ್ತಿರುವುದನ್ನು ಮರೆತೆ. ಅಪ್ಪನನ್ನು ನೆನೆದು ಕಣ್ಣು ತುಂಬಿತು. ಆಮೇಲೆ ಬುದ್ಧಿ ನಿಧಾನವಾಗಿ ಕೆಲಸ ಮಾಡತೊಡಗಿತು.

"ತಂಗೀ, ನಮ್ಮ ಹೊನ್ನವ್ವ ಅಡಿಗಿಯಾಕಿ. ಆಕಿಗೆ ಯಾರು ಕಲಿಸಿದ್ರು?"

"ಹೆಂಗಸರಿಗೆ ಬೇರೆಯವರ ಪದ ಬರಲ್ಲ ಅಂತ ನೀವೇ ಹೇಳಿದ್ರಲ್ಲ. ಹೊನ್ನವ್ವನಿಗೆ ಬರ್ತಿರಲಿಲ್ಲ. ಹೊನ್ನವ್ವನ ಮಗುವಿಗೆ ಬರ್ತಿತ್ತು." ಅವಳು ಲ್ಯಾಪ್‌ಟಾಪ್ ಮುಚ್ಚಿ ಹೇಳಿದಳು. "ಶಿಷ್ಯರು ಗುರುವಿನ ಕೆಮ್ಮು ಕಲಿಯಲ್ಲ ಅಮ್ಮಾ. ತೊಡೆ ಮೇಲಿನ ಕೂಸು ಕಲಿಯುತ್ತೆ."

ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಯಾತ್ರೆಗೆ ಹೋಗಿ ತಿರುಗಿ ಬರದ ಗಂಡ. ಹೋಗಿದ್ದರಲ್ಲವೇ ತಿರುಗಿ ಬರಲು! ಮೊದಲು ಯಾರು ನಕ್ಕೆವೋ ನೆನಪಿಲ್ಲ. ಅಂಗಳದಲ್ಲಿ ಮಲಗಿದ್ದ ನಾಯಿ ಎದ್ದು ಪಕ್ಕದ ಮನೆಗೆ ಹೋಯಿತು.

ಮರುದಿನ ಬೆಳಿಗ್ಗೆ ನಾನೇ ಹೋಗಿ ಪಂಚರನ್ನು ಕರೆದೆ. ಬಾಗಿಲಿಗೆ ಇನ್ನೊಂದು ಸಲ ಹಾಡಬೇಕಾಗಿದೆ, ಯಂತ್ರದಲ್ಲಿ ಒಂದು ಸಾಮಾನು ಬಿಟ್ಟುಹೋಗಿತ್ತು ಎಂದಷ್ಟೇ ಹೇಳಿದೆ. ಊರಿಗೆ ಊರೇ ನೆರೆಯಿತು. ಫೋನಿನಲ್ಲಿದ್ದ ನನ್ನ ಕೆಮ್ಮನ್ನು ಕತ್ತರಿಸಿ ಯಂತ್ರದ ಪದಕ್ಕೆ ಅಂಟಿಸುತ್ತೇನೆ ಎಂದು ಶರ್ವಾಣಿ ಹೊರಟಿದ್ದಳು, ನಾನು ಬಿಡಲಿಲ್ಲ. "ಪದ ನಿನ್ನ ಯಂತ್ರ ಹಾಡ್ಲಿ. ನನ್ನ ಗಂಟಲಾ ನಮ್ಮ ಮನಿ ದಾರಿಗೆ ಜಾರತೈತಿ. ಕೆಮ್ಮು ಮಾತ್ರ ನಾನ ಕೆಮ್ಮತೀನಿ" ಎಂದಿದ್ದೆ.

ಯಂತ್ರ ಹಾಡಿತು. ಮೇಲಿನ ಸ್ವರಕ್ಕೆ ಏರಿ, ನಾವು ಬಿಟ್ಟಿದ್ದ ಜಾಗದಲ್ಲಿ ನಿಂತಿತು. ವರ್ಷಾನುಗಟ್ಟಲೆ ಗುಳಿಗೆ ಚೀಪಿದ ಗಂಟಲು ಇದು, ಇವತ್ತೇ ಕೆಮ್ಮು ಬರದಿದ್ದರೆ? ಅಪ್ಪನ ತೊಡೆ ನೆನೆದೆ. ಧೋತರದ ಒರಟು, ಮೆಣಸಿನ ವಾಸನೆ, ಬೆನ್ನಿನ ಮೇಲೆ ತಟ್ಟುವ ಕೈ, ಕೆಮ್ಮುವಾಗ ಅವನ ಹೊಟ್ಟೆ ಕುಲುಕಿ ನಾನೂ ಕುಲುಕುತ್ತಿದ್ದದ್ದು. ಕೆಮ್ಮು ಬಂತು. ದೊಡ್ಡದೊಂದು, ಹಿಂದೆಯೇ ಸಣ್ಣದೊಂದು. ಯಂತ್ರ ಮುಂದೆ ಹಾಡಿ ಇಳಿಯಿತು.

ಏಳುನೂರು ವರ್ಷ ಸುಮ್ಮನಿದ್ದ ಬಾಗಿಲು ಒಂದು ಸಲ ನಡುಗಿ, ಧೂಳು ಕೊಡವಿ, ನಮ್ಮ ಮನೆಯ ಬಾಗಿಲಿನಂತೆಯೇ ಎಡಕ್ಕೆ ಸರಿಯಿತು. ಗುರುಪಾದಪ್ಪನವರು ಎಲ್ಲರಿಗಿಂತ ಮೊದಲು ಒಳಗೆ ನುಗ್ಗಿ, ಎಲ್ಲರಿಗಿಂತ ಮೊದಲು ನಿಂತರು. ಒಳಗೆ ದೊಡ್ಡಯ್ಯನ ಕಲ್ಲಿನ ಗದ್ದುಗೆ ಇತ್ತು, ಒಂದು ನೀರಿನ ಗಿಂಡಿ ಇತ್ತು. ಗದ್ದುಗೆಯ ಪಕ್ಕದಲ್ಲಿ, ಕೂತವರ ಕೈಗೆ ಸರಿಯಾಗಿ ಎಟುಕುವಂತೆ, ತೊಲೆಯಿಂದ ಒಂದು ಪುಟ್ಟ ಮರದ ತೊಟ್ಟಿಲು ತೂಗುತ್ತಿತ್ತು. ಕೈ ತಾಗಿ ತಾಗಿ ಅದರ ಒಂದು ಅಂಚು ಸವೆದು ನುಣ್ಣಗಾಗಿತ್ತು.

ಊರಿಗೆ ಊರೇ ತೊಟ್ಟಿಲು ನೋಡಿತು, ಆಮೇಲೆ ನನ್ನನ್ನು ನೋಡಿತು, ಆಮೇಲೆ ಮೇಲಿನ ಸೂರು ನೋಡಿತು. ಗಾಣದ ಮನೆಯ ಮುದುಕ ಬಾಯಿ ತೆರೆಯುವುದರಲ್ಲಿದ್ದ. ಗುರುಪಾದಪ್ಪನವರು ಗಂಟಲು ಸರಿಮಾಡಿಕೊಂಡು ಘೋಷಿಸಿದರು:

"ಅದು... ಓಲೆಗರಿ ಇಡೂ ತೊಟ್ಟಲಾ. ಆಗಿನ ಕಾಲದಾಗ ಹಂಗ ಇಡತಿದ್ರು. ಇಲಿ ಕಾಟ."

"ಹೌದ್ರಿ ಕಾಕಾ, ಮತ್ತ ಓಲೆಗರಿ ಅಳಾಕ ಹತ್ತಿದ್ರ ಜೋಗುಳಾನೂ ಹಾಡಬೇಕಾಗ್ತಿತ್ತು" ಎಂದೆ ನಾನು.

ಯಾರೂ ನಗಲಿಲ್ಲ. ನಗಬಾರದೆಂದು ಎಲ್ಲರೂ ಒಟ್ಟಿಗೆ ತೀರ್ಮಾನಿಸಿದಂತಿತ್ತು. ಪಂಚರು ಅಲ್ಲೇ ನಿಂತು ಎರಡು ಠರಾವು ಮಾಡಿದರು. ಒಂದು, ತೊಟ್ಟಿಲು ಓಲೆಗರಿಯದು. ಇನ್ನೊಂದು, ತಂಗೆವ್ವನ ಗೋಡೆ ತಂಗೆವ್ವನಿಗೇ ಇರಲಿ, ಉಸ್ತುವಾರಿಯೂ ಅವಳದೇ. ಎರಡನೆಯದಕ್ಕೆ ಕಾರಣ ಬರೆಯಲು ಜಾಗ ಬಿಟ್ಟರು, ಇನ್ನೂ ಬರೆದಿಲ್ಲ. ನಾನು ಮಠದ ಬಾಗಿಲಿಗೆ ಒಂದು ಮರದ ತುಂಡು ಅಡ್ಡ ಕೊಟ್ಟು ತೆರೆದೇ ಇಟ್ಟಿದ್ದೇನೆ. ಗುಳಿಗೆ ಒಣಗಿಸಲು ಒಳಗೆ ಒಳ್ಳೆಯ ನೆರಳಿದೆ.

ಶರ್ವಾಣಿ ಹೊರಡುವ ದಿನ ನನ್ನ ಪದವನ್ನು ಹೊಸದಾಗಿ ಹಿಡಿದುಕೊಂಡಳು. "ಈ ಸಲ ನಾಯಿ ಬೊಗಳಿದ್ದನ್ನೂ ಒರೆಸಲ್ಲ ಅಮ್ಮಾ" ಎಂದಳು. ನನ್ನ ನಂತರ ಹಾಡುವವರಿಲ್ಲವೆಂದು ಅವಳಿಗೆ ಗೊತ್ತಿತ್ತು. ನಾನು ಅವಳ ಚೀಲದ ತುಂಬ ಗುಳಿಗೆ ತುಂಬಿ ಕಳಿಸಿದೆ.

ಈಗ ಊರಿನಲ್ಲಿ ಹೊಸ ಉಪದ್ರವ ಶುರುವಾಗಿದೆ. ಕೆಮ್ಮು ದೊಡ್ಡಯ್ಯನದು ಎಂದು ತಿಳಿದ ಮೇಲೆ ದೊಡ್ಡ ಮನೆಯವರೆಲ್ಲ ತಮ್ಮ ಪದದಲ್ಲೂ ಒಂದೊಂದು ಕೆಮ್ಮು ಸೇರಿಸಲು ಹೋಗಿ ತಮ್ಮ ತಮ್ಮ ಬಾಗಿಲ ಹೊರಗೆ ನಿಂತಿರುತ್ತಾರೆ. ಹೋದ ಸೋಮವಾರ ಗುರುಪಾದಪ್ಪನವರು ಓಣಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಅಂಗಡಿಗೆ ಬಂದರು. ಒಂದು ಪೊಟ್ಟಣ ಗುಳಿಗೆ ಕೇಳಿ, ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ರುಮಾಲು ಸರಿಮಾಡಿಕೊಳ್ಳುತ್ತ ಕೂತು, ಕೊನೆಗೆ ದನಿ ತಗ್ಗಿಸಿದರು.

"ತಂಗೆವ್ವ, ನಿಮ್ಮ ಆ ಕೆಮ್ಮು... ದೊಡ್ಡದರ ಬೆನ್ನಿಗೆ ಸಣ್ಣದು ಹ್ಯಾಂಗ ಬರತೈತಿ? ಒಂಚೂರು ಕಲಿಸ್ತೀಯೇನ?"

"ಕಲಿಸಿದ್ರ ಬರೂದಿಲ್ರಿ ಕಾಕಾ. ತೊಡಿ ಮ್ಯಾಲೆ ಕೂಡಬೇಕಾಗ್ತೈತಿ" ಎಂದು ನಾನು ಪೊಟ್ಟಣ ಬದಿಗಿಟ್ಟು, ಸೀರೆಯ ನಿರಿಗೆ ಸರಿಮಾಡಿ, ನನ್ನ ತೊಡೆ ತಟ್ಟಿ ತೋರಿಸಿದೆ.

ಎಪ್ಪತ್ತೊಂದು ವರ್ಷದ ಗುರುಪಾದಪ್ಪನವರು ಓಣಿಯ ಆ ಕಡೆ ನೋಡಿದರು, ಈ ಕಡೆ ನೋಡಿದರು, ಒಂದು ಗಳಿಗೆ ನಿಜವಾಗಿಯೂ ಯೋಚಿಸಿದರು. ಆಮೇಲೆ ಪೊಟ್ಟಣ ಎತ್ತಿಕೊಂಡು ಮನೆಗೆ ಹೋದರು.